ಪುಲ್ಲಿಂಗ್ ಇಲ್ಲ

"ಪುಲ್ಲಿಂಗ್ ಇಲ್ಲ ಕಣಣ್ಣ" ಎನ್ನುತ್ತ
ಓಮ್ನಿಯಿಂದ ಇಳಿದ ಕದಿರಪ್ಪ.
ಟೀ ಅಂಗಡಿ ಬೆಂಚಿನಿಂದ ರಿಟೈರ್ಡ್ ಕನ್ನಡ ಮೇಷ್ಟ್ರು
"ಸ್ತ್ರೀಲಿಂಗ ನೋಡು, ಅದೂ ಇಲ್ಲದಿದ್ದರೆ ನಪುಂಸಕ" ಎಂದರು.
ಎಲ್ಲರಿಗೂ ನಗು ಬಂತು.
ಕದಿರಪ್ಪನಿಗೆ ಬಂದದ್ದು ಕೆಮ್ಮು.

ಶಿಡ್ಲಘಟ್ಟದಲ್ಲಿ ಇಪ್ಪತ್ತಾರು ವರ್ಷ
ಕುದಿನೀರ ಬಾನಿಯ ಮುಂದೆ ಕೂತು
ಗೂಡು ಬೆಂದ ಹಬೆ ಕುಡಿದ ಎದೆ ಅದು.
ಈಗ ಬಿಚ್ಚಾಣಿಕೆ ಅಳಿಯನ ಕೈಯಲ್ಲಿ,
ಇವನದು ಮಾರ್ಕೆಟ್ಟಿನಿಂದ ಗೂಡು ಸಾಗಿಸುವ ಕೆಲಸ ಮಾತ್ರ.

ದಿಬ್ಬೂರಹಳ್ಳಿ ದಾರಿಯ ಏರಿನಲ್ಲಿ
ಎರಡು ಮೂಟೆಗೇ ಎರಡನೇ ಗೇರು, ಆಮೇಲೆ ಒಂದು.
ಹುಲ್ಲು ಹೇರಿಕೊಂಡ ಟ್ರಾಕ್ಟರು
ಹಾರನ್ ಹೊಡೆದು ಮುಂದೆ ಹೋಯಿತಂತೆ.
"ಟ್ರಾಕ್ಟರಣ್ಣಾ!"

ಪೆಟ್ರೋಲಲ್ಲಿ ನೀರು ಎಂದನಂತೆ ತಮ್ಮ.
ಕ್ಲಚ್ಚು ಎಂದ ಚಿಂತಾಮಣಿಯವನು ಐದು ಸಾವಿರ ಕೇಳಿದ.
ಪೂಜಾರಿ ನಿಂಬೆಹಣ್ಣು ಕಟ್ಟಿದ್ದು
ಒಣಗಿ ಇನ್ನೂ ಬಂಪರಿನಲ್ಲಿ ತೂಗುತ್ತಿತ್ತು.

ನಮ್ಮ ಗಫಾರ್ ಉಸ್ತಾದರು ಹೇಳುತ್ತಿದ್ದರು:
ಸ್ಪ್ಯಾನರ್ ಹಿಡಿಯೋ ಮೊದಲು ಕಿವಿ ತೊಳ್ಕೋ.
ಗಾಳಿ, ಕಿಡಿ, ಎಣ್ಣೆ, ಮೂರನ್ನೂ ವಿಚಾರಿಸು,
ಯಾರು ಸುಳ್ಳು ಹೇಳ್ತಾರೆ ನೋಡು.

ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದೆ,
ಮಡಿಕೆ ಮಡಿಕೆಯಲ್ಲೂ ಬೆಳಕಿತ್ತು.
ಮೂರು ಪ್ಲಗ್ಗೂ ಹೋದ ವಾರದವು, ನೀಲಿ ಕಿಡಿ.
ಎಣ್ಣೆಯ ಗೇಜಿನ ಮುಳ್ಳು ಅಲುಗಲಿಲ್ಲ.
ಮೂವರೂ ಆಣೆ ಇಟ್ಟರು.

ಬೀಡಿ ಹಚ್ಚಿ ಸುಮ್ಮನೆ ಕೂತೆ.
ಕಾಯುವವನಿಗೆ ಮಾತು ಬೇಕು. ಕದಿರಪ್ಪ
ಚಿಕ್ಕಬಳ್ಳಾಪುರದ ಆಸ್ಪತ್ರೆ ಕಥೆ ತೆಗೆದ:
ನರ್ಸಮ್ಮ ಪ್ಲಾಸ್ಟಿಕ್ ಕೊಳವೆ ಕೈಗೆ ಕೊಟ್ಟು
ಊದು, ಊದು, ಇನ್ನೂ ಊದು ಅಂದಳಂತೆ.
"ಉಸಿರು ಎಳ್ಕೊಳೋಕಾಗಲ್ಲ ಅಂತ ಹೋದ್ರೆ
ಊದು ಅಂತಾಳಲ್ಲಣ್ಣ! ಕೇಳಿದ್ದಕ್ಕೆ ಹೇಳ್ತಾಳೆ,
ಒಳಗಿರೋದೇ ಹೋಗ್ತಿಲ್ಲ ಯಜಮಾನ್ರೆ,
ಹೊಸದು ಎಲ್ಲಿ ಕೂತ್ಕೋಬೇಕು?"

ಬೀಡಿ ಎಸೆದೆ.

ವ್ಯಾಕ್ಯೂಮ್ ಗೇಜು ಸಿಕ್ಕಿಸಿ
ರೇಸ್ ಕೊಡು, ಬಿಡಬೇಡ ಎಂದೆ.
ಮುಳ್ಳು ಹದಿನೆಂಟರಲ್ಲಿ ನಿಂತಿತ್ತು.
ಹದಿನಾರು. ಹದಿಮೂರು.
ಬಾವಿಗೆ ಹಗ್ಗ ಬಿಟ್ಟ ಹಾಗೆ
ಸದ್ದಿಲ್ಲದೆ ಹತ್ತಕ್ಕಿಳಿಯಿತು.

ಗೋಣಿ ಹಾಸಿ ಗಾಡಿ ಕೆಳಗೆ ಮಲಗಿ
ಸೈಲೆನ್ಸರ್ ಕೊಳವೆಯ ಮುಂದಿನೆರಡು ಬೋಲ್ಟಿಗೆ ಕೈ ಹಾಕಿದೆ.
ಒಂದು ಬಂತು, ಇನ್ನೊಂದು ಮುರಿದೇ ಬಂತು.
"ಈಗ ಹತ್ತಿಸು ನೋಡೋಣ."
ಬೀದಿಯೆಲ್ಲ ಕಿವಿ ಮುಚ್ಚಿಕೊಂಡಿತು. ಓಮ್ನಿ
ಗುಟುರು ಹಾಕುತ್ತ ಕೆರೆ ಏರಿಯ ಮೇಲಕ್ಕೆ
ಮೂರನೇ ಗೇರಲ್ಲಿ ಹೋಯಿತು.

ಕನ್ವರ್ಟರ್ ಬಿಚ್ಚಿ ಟಾರ್ಚು ಬಿಟ್ಟೆ.
ಜೇನುಹುಟ್ಟಿನ ಹಾಗೆ ಇರಬೇಕಾದ ಕಣ್ಣುಗಳು
ಕರಗಿ ಬೆಸೆದು, ತಳ ಹಿಡಿದ ಬೆಲ್ಲದ ಪಾಕ.
"ಪ್ಲಗ್ ಬದಲಿಸೋ ಮೊದಲು ಎಷ್ಟು ದಿನ ಹಾಗೇ ಓಡಿಸಿದೆ?"
"ಒಂದು ನಾಲ್ಕು ತಿಂಗಳು. ನಡುಗ್ತಿತ್ತು,
ಆದ್ರೂ ಹೋಗ್ತಿತ್ತಲ್ಲ."
ಮೂರು ಸಿಲಿಂಡರಿನಲ್ಲಿ ಒಂದು ಸತ್ತು
ಅಲ್ಲಿ ಉರಿಯದ ಪೆಟ್ರೋಲು ಇಲ್ಲಿ ಬಂದು ಉರಿದಿತ್ತು.
ಹೋಗ್ತಿತ್ತಲ್ಲ. ಈ ಶೆಡ್ಡಿನ ತಗಡಿಗೂ
ಬಾಯಿಪಾಠ ಆಗಿರುವ ಮಾತು.

ಹೊಸದಕ್ಕೆ ಹನ್ನೊಂದು ಸಾವಿರ.
ಟೀ ಲೋಟ ಹಿಡಿದೇ ಬಂದ ಮೇಷ್ಟ್ರು
"ಒಳಗಿನದು ಕುಟ್ಟಿ ತೆಗೆದು ಖಾಲಿ ಡಬ್ಬ ಹಾಕು" ಎಂದರು.
ಎಲ್ಲರೂ ಹಾಗೇ ಮಾಡುತ್ತಾರೆ. ನಾನೂ ಮಾಡಿದ್ದೇನೆ.
ಕದಿರಪ್ಪ ಆ ಕರಿ ಗಟ್ಟಿಯನ್ನು
ಗೂಡು ತೂಗಿ ನೋಡುವ ಹಾಗೆ ಅಂಗೈಯಲ್ಲಿ ತೂಗಿ
"ಆಗ ಹೊಗೆ ಎಲ್ಲಿಗೆ ಹೋಗುತ್ತೆ?" ಎಂದ.
ನಾನು ಏನೂ ಹೇಳಲಿಲ್ಲ.
"ಹಿಂದೆ ಬರೋರಿಗೆ" ಎಂದು ತಾನೇ ಹೇಳಿಕೊಂಡು
ಸ್ವಲ್ಪ ಹೊತ್ತು ಕೆಮ್ಮಿ,
"ಮೂರು ಕಂತಲ್ಲಿ ಕೊಡಲಾ?"

ಗುರುವಾರ ಗಾಡಿ ಒಯ್ಯಲು ಬಂದ.
ಒಣಗಿದ ನಿಂಬೆಹಣ್ಣು ಕತ್ತರಿಸಲು ಹೋದೆ.
"ಇರಲಿ ಬಿಡಣ್ಣ" ಎಂದ,
"ಅದೇನು ಗಾಳಿಗೆ ಅಡ್ಡ ಇಲ್ಲವಲ್ಲ."